ಹೊಳೆಯ ದಡ ಬದುವಿನಲ್ಲಿದೆ

(ದತ್ತಿ ಉಪನ್ಯಾಸದ ಲಿಖಿತ ರೂಪ)



ಈ ಉಪನ್ಯಾಸಕ್ಕೆ ಕರೆ ಬಂದಾಗ ನಾನು ಮೊದಲು ವಿಚಾರಿಸಿದ್ದು ದತ್ತಿಯ ಕರಾರನ್ನು. ಕಾರ್ಯದರ್ಶಿಗಳು ಎರಡೇ ಮಾತಿನಲ್ಲಿ ಹೇಳಿದರು: ಅಸಲು ಬ್ಯಾಂಕಿನಲ್ಲಿ ಹಾಗೇ ಇರುತ್ತದೆ, ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ ನಡೆಯುತ್ತದೆ. ಅಸಲನ್ನು ಯಾರೂ ಮುಟ್ಟುವಂತಿಲ್ಲ. ನಮ್ಮ ನಾಡಿಗೆ ಈ ಏರ್ಪಾಟು ಹೊಸದೇನೂ ಅಲ್ಲ. ಹಳೆಯ ಶಾಸನಗಳನ್ನು ಓದಿದವರಿಗೆ ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಎಂಬ ಮಾತುಗಳು ಗೊತ್ತು. ಕೆರೆ ಕಟ್ಟಿಸಿದವನಿಗೆ, ಅದರ ಏರಿ ತೂಬು ನೋಡಿಕೊಳ್ಳುವವನಿಗೆ, ಅದೇ ನೀರು ಹರಿಯುವ ಭೂಮಿಯಲ್ಲಿ ಪಾಲು ಬಿಟ್ಟುಕೊಟ್ಟ ದಾಖಲೆಗಳವು. ಕೆರೆ ಉಳಿದರೆ ಪಾಲು ಉಳಿಯಿತು, ಕೆರೆ ಒಡೆದರೆ ಪಾಲೂ ಒಣಗಿತು. ಒಳ್ಳೆಯತನವನ್ನು ನೆಚ್ಚಿಕೊಂಡು ಕೂರದೆ ಹೊಟ್ಟೆಪಾಡನ್ನೇ ಕೆರೆಗೆ ಕಟ್ಟಿಹಾಕಿದ ಜಾಣತನ ಅದರಲ್ಲಿದೆ.

ಹೊಲದ ಮೇಲ್ಮಣ್ಣು ನಮ್ಮ ಪಾಲಿಗೆ ಬಂದ ದತ್ತಿಯ ಅಸಲು. ವರ್ಷದ ಬೆಳೆ ಅದರ ಬಡ್ಡಿ. ಆ ಅಸಲು ಯಾವ ದಾರಿಯಲ್ಲಿ ನಮ್ಮ ಕೈತಪ್ಪಿ ಹೋಗುತ್ತದೆ, ಅದನ್ನು ತಡೆಯಲು ಅಕ್ಕಪಕ್ಕದ ಹೊಲದವರು ಏನು ಮಾಡಬಹುದು ಎಂಬುದಷ್ಟೇ ಇವತ್ತಿನ ನನ್ನ ಮಾತು. ದೊಡ್ಡ ಅಣೆಕಟ್ಟುಗಳ ಕಥೆ ನನ್ನ ಅಳತೆಗೆ ಮೀರಿದ್ದು. ನಾನು ಬದುವಿನ ಮನುಷ್ಯ.

ನಮ್ಮ ಸೀಮೆಯ ಎರಡು ಹೊಳೆಗಳನ್ನು ಮೊದಲು ನೆನೆಯೋಣ. ಗುಂಡ್ಲು ಹೊಳೆ ಗೋಪಾಲಸ್ವಾಮಿ ಬೆಟ್ಟ, ಬಂಡೀಪುರದ ಕಡೆಯ ಹಳ್ಳಗಳನ್ನು ಕೂಡಿಸಿಕೊಂಡು, ಗುಂಡ್ಲುಪೇಟೆಯ ಮಗ್ಗುಲಲ್ಲಿ ಹಾದು, ಬಡಗಲಿಗೆ ಹರಿದು ನಂಜನಗೂಡಿನಲ್ಲಿ ಕಪಿಲೆಯನ್ನು, ಅಂದರೆ ಕಬಿನಿಯನ್ನು, ಸೇರುತ್ತದೆ. ಅಲ್ಲಿಗೆ ಹೋಗುವಷ್ಟರಲ್ಲಿ ಅದಕ್ಕೆ ಕೌಂಡಿನ್ಯ ಎಂಬ ಪುರಾಣದ ಹೆಸರು ಬಂದಿರುತ್ತದೆ. ಆ ಸಂಗಮವನ್ನು ಪರಶುರಾಮ ಕ್ಷೇತ್ರ ಎನ್ನುತ್ತಾರೆ. ಇನ್ನೊಂದು ಸುವರ್ಣಾವತಿ, ಜನರ ಬಾಯಲ್ಲಿ ಹೊನ್ನುಹೊಳೆ. ತಮಿಳುನಾಡಿನ ಗಡಿಯ ಬೆಟ್ಟಗಳಿಂದ ಇಳಿದು, ಅಟ್ಟುಗುಳಿಪುರದ ಬಳಿಯ ಜಲಾಶಯದಲ್ಲಿ ಒಂದಿಷ್ಟು ತಂಗಿ, ಚಾಮರಾಜನಗರ, ಯಳಂದೂರು ಸೀಮೆ ದಾಟಿ, ಸುಮಾರು 88 ಕಿಲೋಮೀಟರ್ ನಡೆದು ಕೊಳ್ಳೇಗಾಲದ ಕಡೆ ಕಾವೇರಿಗೆ ಸೇರುತ್ತದೆ. ಗುಂಡ್ಲುಪೇಟೆಯ ಹೊಳೆಯ ದಂಡೆಯಲ್ಲಿ ಚಿಕ್ಕದೇವರಾಜ ಒಡೆಯರು ತಂದೆಯ ನೆನಪಿಗೆ ಪರವಾಸುದೇವರ ಗುಡಿ ಕಟ್ಟಿಸಿದರು. ಅಪ್ಪನ ನೆನಪನ್ನು ಹೊಳೆದಡಕ್ಕೆ ಒಪ್ಪಿಸಬೇಕಾದರೆ ಆ ದಡದ ಮೇಲೆ ಎಂಥ ಭರವಸೆ ಇದ್ದಿರಬೇಕು ಎಂದು ಅಲ್ಲಿಗೆ ಹೋದಾಗಲೆಲ್ಲ ಅನ್ನಿಸುತ್ತದೆ.

ಇವತ್ತು ಅಂಥ ಭರವಸೆ ಇಲ್ಲ. 2018ರ ಆಗಸ್ಟಿನಲ್ಲಿ ಕಾವೇರಿ ಉಕ್ಕಿ ಬಂದಾಗ ಶಿವನಸಮುದ್ರದ ಹಳೆಯ ವೆಸ್ಲಿ ಸೇತುವೆಯ ಒಂದು ಭಾಗವೇ ಕೊಚ್ಚಿಹೋಯಿತು. ಮರುವರ್ಷವೂ ಕೊಳ್ಳೇಗಾಲ ತಾಲ್ಲೂಕಿನ ದಾಸನಪುರ, ಮುಳ್ಳೂರು, ಹರಳೆ, ಹಳೇ ಹಂಪಾಪುರ, ಹಳೇ ಅಣಗಳ್ಳಿಯವರು ಗಂಟುಮೂಟೆ ಕಟ್ಟಿದರು. 2022ರ ಮಳೆಗಾಲದಲ್ಲಿ ಸುವರ್ಣಾವತಿ, ಚಿಕ್ಕಹೊಳೆ ಜಲಾಶಯಗಳೆರಡೂ ತುಂಬಿ ಹರಿದು ಯಳಂದೂರು ತಾಲ್ಲೂಕಿನ ಊರುಗಳಿಗೆ ನೀರು ನುಗ್ಗಿತು. ಬರದ ಜಿಲ್ಲೆ ಅಂತ ಹೆಸರು ಪಡೆದ ನಮಗೆ ನೆರೆ ಅಂದರೆ ಹೊಸ ನೆಂಟ. ಅವನನ್ನು ಎಲ್ಲಿ ಕೂರಿಸಬೇಕೋ ತಿಳಿಯದು.

ಕಾವೇರಿ ದಂಡೆಯ ಊರೊಂದರಲ್ಲಿ ನೆರೆ ಇಳಿದ ವಾರಕ್ಕೆ ನಾನು ಹೋಗಿದ್ದೆ. ಹೊಳೆಯಂಚಿನ ಬಾಳೆತೋಟದ ಎರಡು ಸಾಲು ಬುಡಸಮೇತ ಮಾಯವಾಗಿತ್ತು. “ನೀರು ಬಂದ ದಿನ ಹೋಯಿತೇನಮ್ಮ?” ಎಂದು ಅಲ್ಲಿದ್ದ ಮುದುಕಿಯೊಬ್ಬರನ್ನು ಕೇಳಿದೆ. ಆಕೆ ನನ್ನ ಅಜ್ಞಾನಕ್ಕೆ ನಕ್ಕು ಹೇಳಿದರು: “ನೀರು ಏರ್ವಾಗ ದಡ ಬೀಳಲ್ಲ ಕನ ಮಗ. ಒಳೆ ಇಳಿದು ಬಿಸ್ಲು ಬಂದ್ಮೇಲೆ ಧಡಾರ್ ಅಂತ ಕೂತ್ಕತದ.”

ಆ ಮಾತನ್ನು ಎಂಜಿನಿಯರರೂ ಒಪ್ಪುತ್ತಾರೆ. ಹೊಳೆ ತುಂಬಿದಾಗ ನೀರು ದಡದ ಮಣ್ಣಿನೊಳಕ್ಕೂ ಹೊಕ್ಕು ಅದನ್ನು ನೆನೆಸಿ ಭಾರ ಮಾಡುತ್ತದೆ. ಅಷ್ಟು ಹೊತ್ತೂ ಹೊರಗಿನ ನೀರೇ ದಡಕ್ಕೆ ಒತ್ತುಗೋಡೆಯಾಗಿ ನಿಂತಿರುತ್ತದೆ. ಪ್ರವಾಹ ತಟ್ಟನೆ ಇಳಿದರೆ ಆ ಆಸರೆ ಹೋಯಿತು; ನೆಂದ ಮಣ್ಣು ತನ್ನ ಭಾರಕ್ಕೆ ತಾನೇ ಜಾರುತ್ತದೆ. ಅದಕ್ಕೆ ಮೊದಲೇ ದಡದ ಕಾಲಬುಡವನ್ನು ಹರಿವು ಕೊರೆದಿಟ್ಟಿದ್ದರೆ ಕುಸಿತ ಇನ್ನೂ ಬೇಗ. ಹೊಳೆಯ ಪಾತ್ರದಿಂದ ಮರಳು ಬಗೆದು ಸಾಗಿಸಿದ ಕಡೆ ಪಾತ್ರ ಆಳವಾಗಿ, ದಡ ಗೋಡೆಯಂತೆ ಕಡಿದಾಗಿ ನಿಂತಿರುತ್ತದೆ. ಅಂಥ ದಡ ಒಂದು ಒಳ್ಳೆಯ ಮಳೆಗೆ ಕಾಯುತ್ತಿರುತ್ತದೆ, ಅಷ್ಟೆ.

ಇಲ್ಲಿ ಎಲ್ಲರ ಬಾಯಲ್ಲೂ ಬರುವ ಪರಿಹಾರ ಒಂದೇ: ತಡೆಗೋಡೆ ಕಟ್ಟಿಸಿಕೊಡಿ. ಊರು, ಸೇತುವೆ, ಸ್ಮಶಾನ, ಶಾಲೆ ಇರುವ ಕಡೆ ಗೋಡೆ ಬೇಕೇ ಬೇಕು. ಕಾವೇರಿಯಂಥ ಹೊಳೆಯ ಎದುರು ಹುಲ್ಲು ನೆಟ್ಟು ಕೂರಿ ಎಂದು ಹೇಳುವಷ್ಟು ದಡ್ಡ ನಾನಲ್ಲ. ಅದು ಸರ್ಕಾರ ಮಾಡಬೇಕಾದ ಕೆಲಸ, ಸಹಕಾರದ ಹೆಸರು ಹೇಳಿ ಜನರ ಹೆಗಲಿಗೆ ದಾಟಿಸುವಂಥದ್ದಲ್ಲ. ಆದರೆ ಗುಂಡ್ಲುವಿನಂಥ ಹೊಳೆಗಳಿಗೆ, ಅವಕ್ಕೆ ಸೇರುವ ನೂರಾರು ಹಳ್ಳಗಳಿಗೆ, ಉದ್ದಕ್ಕೂ ಗೋಡೆ ಕಟ್ಟುವ ಹಣ ಯಾವ ಬೊಕ್ಕಸದಲ್ಲೂ ಇಲ್ಲ. ಅಲ್ಲಿ ದಡ ಉಳಿಯಬೇಕಾದರೆ ದಡಕ್ಕೆ ಬರುವ ನೀರಿನ ರಭಸ ಇಳಿಯಬೇಕು. ಆ ರಭಸ ಹುಟ್ಟುವುದು ಮೇಲಿನ ಹೊಲಗಳಲ್ಲಿ.

ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಎಕರೆಯ ಮೇಲೆ ಒಂದಿಂಚು ಮಳೆ ಬಿದ್ದರೆ ಸುಮಾರು ಒಂದು ಲಕ್ಷ ಲೀಟರು ನೀರು. ನಮ್ಮ ಕಡೆಯ ಬಿರುಮಳೆ ಅರ್ಧ ಗಂಟೆಯಲ್ಲಿ ಅಷ್ಟನ್ನು ಸುರಿದು ಹೋಗುವುದುಂಟು. ಆ ನೀರು ಎಕರೆಯೊಂದರಿಂದ ಒಂದೇ ಒಂದು ಮಿಲಿಮೀಟರ್ ಮಣ್ಣನ್ನು ತೊಳೆದರೂ ನಾಲ್ಕು ಘನ ಮೀಟರ್ ಆಯಿತು, ತೂಕದಲ್ಲಿ ಐದು ಟನ್ನಿಗೆ ಮೇಲೆ. ಆ ಮಣ್ಣು ಕೆರೆ ಸೇರಿ ಹೂಳಾಗುತ್ತದೆ. ಬೇಸಿಗೆಯಲ್ಲಿ ನಾವೇ ಟ್ರ್ಯಾಕ್ಟರಿಗೆ ಬಾಡಿಗೆ ಕೊಟ್ಟು, “ಕೆರೆಗೋಡು ಬಲು ಫಲವತ್ತು” ಎಂದು ಹೊಗಳಿಕೊಂಡು ಹೊಲಕ್ಕೆ ಹೊಡೆಸುತ್ತೇವೆ. ಕಳೆದುಕೊಂಡ ಅಸಲನ್ನು ಬಾಡಿಗೆ ತೆತ್ತು ವಾಪಸು ತರುವ ವ್ಯವಹಾರ ಇದು.

ಗುಂಡ್ಲುಪೇಟೆ ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿದೆ. ಕಬಿನಿಯ ತಲೆಯ ಕಡೆ ವೈನಾಡಿನಲ್ಲಿ ಮಳೆ ಧಾರಾಳ. ಬೆಟ್ಟ ಇಳಿದು ಮೂಡಲಿಗೆ ಬಂದಂತೆ ಅದು ಬೇಗಬೇಗ ಕರಗಿಬಿಡುತ್ತದೆ. ಇಂಥ ಜಾಗದಲ್ಲಿ ನೀರು ಹೇಗೆ ನಡೆಯುತ್ತದೆ ಎಂದು ತಿಳಿಯಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಫ್ರಾನ್ಸಿನ ವಿಜ್ಞಾನಿಗಳ ಜೊತೆಗೂಡಿ ವರ್ಷಗಟ್ಟಲೆ ಇಲ್ಲಿ ಅಳತೆ ಮಾಡಿದ್ದಾರೆ. ಬಂಡೀಪುರದ ಕಾಡಿನೊಳಗಿನ ಮೂಲೆಹೊಳೆ ಒಂದು ಜಲಾನಯನ, ಬೇಸಾಯದ ನಡುವಿನ ಬೇರಂಬಾಡಿ ಇನ್ನೊಂದು. ಬೇರಂಬಾಡಿಯ ವಿಸ್ತೀರ್ಣ 84 ಚದರ ಕಿಲೋಮೀಟರ್. ಅಲ್ಲಿ ಅವರು ಕಂಡ ಒಂದು ಸಂಗತಿ ನನ್ನನ್ನು ಬೆಚ್ಚಿಬೀಳಿಸಿತು. ಸಾಮಾನ್ಯವಾಗಿ ದಿಣ್ಣೆಯಲ್ಲಿ ಅಂತರ್ಜಲ ಆಳದಲ್ಲಿರುತ್ತದೆ, ತಗ್ಗಿನಲ್ಲಿ ಕೈಗೆ ಸಿಗುವಂತಿರುತ್ತದೆ. ಇಲ್ಲಿ ಅದು ತಲೆಕೆಳಗಾಗಿದೆ. ತಗ್ಗಿನ ಒಳ್ಳೆಯ ಭೂಮಿಯಲ್ಲೇ ಕೊಳವೆ ಬಾವಿಗಳು ಹೆಚ್ಚು, ಅಲ್ಲೇ ಎತ್ತಿದ್ದೂ ಹೆಚ್ಚು. ಹಾಗಾಗಿ ಹಳ್ಳದ ಪಕ್ಕದಲ್ಲೇ ನೀರು ಪಾತಾಳ ಕಂಡಿದೆ.

ಅರಿಸಿನ, ಬಾಳೆ, ಸಣ್ಣ ಈರುಳ್ಳಿ, ಚೆಂಡುಹೂವಿಗೆ ನೀರು ಬೇಕು. ರೈತನನ್ನು ದೂರಿ ಫಲವಿಲ್ಲ. ಆದರೆ ದಡದ ಮಾತು ಬಂದಾಗ ಇದನ್ನು ಮರೆಯುವಂತಿಲ್ಲ. ಅಂತರ್ಜಲ ಮೇಲಿದ್ದಾಗ ಮಳೆ ನಿಂತ ಮೇಲೂ ಒರತೆ ಜಿನುಗಿ ಹಳ್ಳ ಹರಿಯುತ್ತಿತ್ತು. ಅದರ ತೇವಕ್ಕೆ ಹೊಳೆಮತ್ತಿ, ಹೊಂಗೆ, ಲಕ್ಕಿ, ಬಿದಿರು ಬೇರುಬಿಟ್ಟು ದಡವನ್ನು ಹಿಡಿದಿದ್ದವು. ಒರತೆ ನಿಂತಿತು, ದಡದ ಹಸಿರು ತೆಳುವಾಯಿತು. ಹತ್ತು ವರ್ಷ ನೀರು ಕಾಣದ ಹಳ್ಳ ಯಾರಿಗೂ ಹಳ್ಳವಾಗಿ ಕಾಣುವುದಿಲ್ಲ. ಪಹಣಿಯಲ್ಲಿ ಬಿ ಖರಾಬು ಎಂದು ಬರೆದಿರುವ ಆ ಸಾರ್ವಜನಿಕ ಜಾಗದೊಳಕ್ಕೆ ಈ ಕಡೆಯಿಂದ ಎರಡು ಸಾಲು, ಆ ಕಡೆಯಿಂದ ಎರಡು ಸಾಲು ಉಳುಮೆ ಇಳಿಯುತ್ತದೆ. ಹನ್ನೊಂದನೆಯ ವರ್ಷ ಮಳೆ ಬರುತ್ತದೆ. ಹಳ್ಳಕ್ಕೆ ತನ್ನ ಅಗಲ ನೆನಪಿರುತ್ತದೆ.

ಇಷ್ಟು ಹೇಳಿ, ಈಗ ನಮ್ಮದೇ ಊರಿನ ಒಂದು ಹೆಮ್ಮೆಯ ವಿಷಯಕ್ಕೆ ಬರುತ್ತೇನೆ. ಇದು ನಮ್ಮವರಿಗಿಂತ ಹೊರಗಿನವರಿಗೇ ಹೆಚ್ಚು ಗೊತ್ತು. ಜಾನ್ ಗ್ರೀನ್‌ಫೀಲ್ಡ್ ಎಂಬ ಕೃಷಿತಜ್ಞ 1950ರ ದಶಕದಲ್ಲಿ ಫಿಜಿ ದ್ವೀಪದ ಕಬ್ಬಿನ ತೋಟಗಳಲ್ಲಿ ಇಳಿಜಾರಿನ ಮಣ್ಣು ಹಿಡಿಯಲು ಲಾವಂಚದ ಹುಲ್ಲನ್ನು ಬಳಸಿದ್ದವರು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಕೆಲಸಕ್ಕೆಂದು ಇಂಡಿಯಾಕ್ಕೆ ಬಂದರು. ಅವರೂ ಅವರ ಜೊತೆಗಾರ ರಿಚರ್ಡ್ ಗ್ರಿಮ್‌ಶಾ ಅವರೂ ಈ ಹುಲ್ಲಿನ ಬೇಲಿಯನ್ನು ಲೋಕಕ್ಕೆಲ್ಲ ಸಾರಿದರು. ಇದು ನಿಜಕ್ಕೂ ಬಾಳಿಕೆ ಬರುತ್ತದೆಯೇ ಎಂದು ಅನುಮಾನ ಪಟ್ಟವರಿಗೆ ಅವರು ತೋರಿಸುತ್ತಿದ್ದ ಸಾಕ್ಷಿಗಳಲ್ಲಿ ಒಂದು ನಮ್ಮ ಗುಂಡ್ಲುಪೇಟೆ. ಇಲ್ಲಿನ ರೈತರು ತಲೆಮಾರುಗಳಿಂದ, ಪ್ರಾಯಶಃ ನೂರು ವರ್ಷಕ್ಕೂ ಹಿಂದಿನಿಂದ, ಹೊಲದ ಎಲ್ಲೆಗೆ ಲಾವಂಚ ನೆಟ್ಟು ಉಳಿಸಿಕೊಂಡು ಬಂದಿದ್ದರು. 1993ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಲಾವಂಚದ ಮೇಲೆಯೇ ಒಂದು ಪುಸ್ತಕ ಹೊರತಂದಾಗ ಅದರಲ್ಲೂ ಗುಂಡ್ಲುಪೇಟೆ ಸೇರಿತು. ಮುಂದೆ ಥಾಯ್ಲೆಂಡಿನ ದೊರೆ ಭೂಮಿಬೋಲ್ ಈ ಹುಲ್ಲಿಗೆ ಒತ್ತಾಸೆಯಾದರು; 1996ರಲ್ಲಿ ಮೊದಲ ಅಂತರರಾಷ್ಟ್ರೀಯ ಲಾವಂಚ ಸಮ್ಮೇಳನ ಅವರ ದೇಶದ ಚಿಯಾಂಗ್ ರಾಯ್‌ನಲ್ಲಿ ನಡೆಯಿತು. ನಾವು ಮಾತ್ರ ಲಾವಂಚ ಎಂದರೆ ಬೀಸಣಿಗೆ, ಹೂಜಿಯ ನೀರಿನ ಘಮ ಎಂದುಕೊಂಡು ಕೂತೆವು.

ಲಾವಂಚದ ಬೇರು ಅಡ್ಡಡ್ಡ ಹರಡದೆ ನೆಟ್ಟಗೆ ಕೆಳಕ್ಕೆ ಇಳಿಯುತ್ತದೆ. ಎರಡು ಮೂರು ಮೀಟರ್ ಹೋಗುವುದುಂಟು. ಹಾಗಾಗಿ ಪಕ್ಕದ ಬೆಳೆಯ ಊಟಕ್ಕೆ ಕೈಹಾಕುವುದು ಕಡಿಮೆ. ಮೇಲೆ ಗರಿ ಒತ್ತೊತ್ತಾಗಿ ಬೆಳೆದು ಜರಡಿಯಾಗುತ್ತದೆ. ಹರಿದುಬಂದ ನೀರು ಅದಕ್ಕೆ ತಡೆದು ನಿಂತು, ಹೊತ್ತು ತಂದ ಮಣ್ಣನ್ನು ಅಲ್ಲೇ ಇಳಿಸಿ, ಸೋಸಿದಂತೆ ಆಚೆಗೆ ಮೆಲ್ಲಗೆ ಹೋಗುತ್ತದೆ. ವರ್ಷ ಕಳೆದಂತೆ ಬೇಲಿಯ ಹಿಂದೆ ಮಣ್ಣು ತುಂಬಿ ಹೊಲ ತಾನಾಗಿಯೇ ಮಟ್ಟವಾಗುತ್ತದೆ. ಉಳುವಾಗ ನೇಗಿಲನ್ನು ಅದರ ಅಂಚಿಗೆ ತಾಗಿಸಿ ಹೊಡೆದರೆ ಸಾಕು, ಬೇಲಿ ತನ್ನ ಅಗಲ ಮೀರುವುದಿಲ್ಲ. ಎಳೆಗರಿಗೆ ದನ ಬಾಯಿ ಹಾಕುತ್ತದೆ, ಬಲಿತದ್ದನ್ನು ಬಿಡುತ್ತದೆ. ದೋಷಗಳೂ ಇವೆ. ನೆರಳಿದ್ದರೆ ಸೊರಗುತ್ತದೆ. ಬೇರಿನ ಆಸೆಗೆ ಅಗೆದರೆ ಬದು ಸಡಿಲವಾಗಿ ಇದ್ದ ಮಣ್ಣೂ ಹೋಗುತ್ತದೆ. ಕೊರಕಲು ಆಳವಾಗಿಬಿಟ್ಟ ಕಡೆ ಕಾಲಬುಡಕ್ಕೆ ಕಲ್ಲು ಒಡ್ಡದೆ ಬರೀ ಹುಲ್ಲಿನಿಂದ ಆಗದು.

ನನಗೆ ಇದರಲ್ಲಿ ಹುಲ್ಲಿಗಿಂತ ಅದನ್ನು ನೆಟ್ಟ ಜಾಗ ದೊಡ್ಡದಾಗಿ ಕಾಣುತ್ತದೆ. ನಮ್ಮ ಹಿರಿಯರು ಅದನ್ನು ನೆಟ್ಟದ್ದು ಎಲ್ಲೆಗೆ. ಜಗಳ ಹುಟ್ಟುವ ಜಾಗಕ್ಕೆ.

ಬದುವಿನ ಜಗಳ ಗೊತ್ತಿಲ್ಲದ ರೈತ ಇಲ್ಲ. ನಮ್ಮ ತಂದೆಯ ಹೊಲಕ್ಕೆ ಮೇಲುಗಡೆ ಇದ್ದವರನ್ನು ನಾವು ಮಕ್ಕಳು ಮಾವ ಎನ್ನುತ್ತಿದ್ದೆವು. ರಕ್ತಸಂಬಂಧವಿಲ್ಲ, ಊರಿನ ವರಸೆ. ನಾನು ಚಿಕ್ಕವನಿದ್ದಾಗ ಎರಡು ಹೊಲದ ನಡುವಿನ ಬದು ಕಂಬಳಿ ಹಾಸಿ ಮಲಗುವಷ್ಟು ಅಗಲವಿತ್ತು. ಮೇಲಿನಿಂದ ಒಬ್ಬರು, ಕೆಳಗಿನಿಂದ ಒಬ್ಬರು ವರ್ಷಕ್ಕೆ ಒಂದೊಂದು ಗೆರೆ ಒಳಕ್ಕೆ ಉತ್ತು, ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ಕಾಲಿಟ್ಟು ನಡೆಯಲೂ ಕಷ್ಟವಾಯಿತು. ಒಂದು ಮುಂಗಾರಿನ ರಾತ್ರಿ ಮೇಲಿನ ಹೊಲದ ನೀರೆಲ್ಲ ಅಲ್ಲೇ ಒಡೆದು, ನಮ್ಮ ಜೋಳದ ನಡುವೆ ಆಳುದ್ದದ ಕೊರಕಲು ಬಿದ್ದು, ಅದು ನೇರ ಹಳ್ಳಕ್ಕೆ ಹೋಗಿ ಸೇರಿತು. ಬೆಳಿಗ್ಗೆ ತಂದೆ ಕೂಗಾಡಿದರು. ಮಾವ ತಮ್ಮ ಹೊಲದಲ್ಲೇ ನಿಂತು ಹೇಳಿದ್ದು ಇನ್ನೂ ಕಿವಿಯಲ್ಲಿದೆ: “ಬದ ಎಲ್ಲೋಯ್ತು ಅಂತ ನನ್ನ ಕೇಳ್ಬೇಡಿ ಬಾವ, ಒಳೆಯ ಕೇಳಿ.” ಹದ್ದುಬಸ್ತಿಗೆ ಅರ್ಜಿ ಹೋಯಿತು. ಮೋಜಣಿದಾರರು ಬಂದು ಸರಪಳಿ ಎಳೆದರೆ ಬಾಂದು ಕಲ್ಲೇ ಕೊರಕಲಿನಲ್ಲಿ ಉರುಳಿಕೊಂಡಿತ್ತು.

ಹೊಳೆ ಕೊರೆತ ಎಂಬ ದೊಡ್ಡ ಮಾತಿನ ಒಳಗೆ ಇಂಥ ಸಾವಿರ ಬದುಗಳಿವೆ. ಸರ್ಕಾರದ ಮಣ್ಣು ಸಂರಕ್ಷಣೆ ಬಹುಕಾಲ ಈ ಸತ್ಯದ ಪಕ್ಕದಲ್ಲೇ ಹಾದುಹೋಯಿತು. ಇಳಿಜಾರಿಗೆ ಅಡ್ಡಲಾಗಿ, ಸಮಪಾತಳಿಯ ಗೆರೆ ಹಿಡಿದು ಬದು ಹಾಕುವುದು ಶಾಸ್ತ್ರಕ್ಕೆ ಸರಿ. ಆದರೆ ಆ ಗೆರೆ ಒಬ್ಬನ ಹೊಲದ ಮೂಲೆ ಕತ್ತರಿಸಿ ಇನ್ನೊಬ್ಬನ ನಡುಹೊಲಕ್ಕೆ ನುಗ್ಗುತ್ತದೆ. ಮೂಲೆ ಕಳೆದುಕೊಂಡವನು ಎರಡು ವರ್ಷದಲ್ಲಿ ಅದನ್ನು ಉತ್ತು ಸಮ ಮಾಡುತ್ತಾನೆ. ಜಾನ್ ಕೆರ್, ಎನ್.ಕೆ. ಸಂಘಿ ಎಂಬ ಅಧ್ಯಯನಕಾರರು ದಖ್ಖನಿನ ಒಣಸೀಮೆಯಲ್ಲಿ ಕಂಡು 1992ರಲ್ಲಿ ಬರೆದದ್ದೂ ಇದನ್ನೇ: ರೈತರು ತಮ್ಮ ಎಲ್ಲೆಯ ಮೇಲಿನ ಬದುವನ್ನು ಉಳಿಸಿಕೊಳ್ಳುತ್ತಾರೆ, ಶಾಸ್ತ್ರದ ಗೆರೆಯನ್ನು ಬಿಡುತ್ತಾರೆ. ನಮ್ಮ ಲಾವಂಚ ಉಳಿದದ್ದು ಅದಕ್ಕೇ. ಅದು ಎರಡೂ ಕಡೆಯವರ ಗಡಿಕಲ್ಲಾಗಿತ್ತು, ಕದಲಿಸಲು ಬಾರದ ಗಡಿಕಲ್ಲು. ಮಣ್ಣು ಹಿಡಿದದ್ದು ಅದರ ಮೇಲಿನ ಲಾಭ.

ಇನ್ನೊಂದು ಕಡೆ ನಾನೇ ಕಂಡದ್ದು ಹೇಳುತ್ತೇನೆ. ಊರಿನ, ಇಲಾಖೆಯ ಹೆಸರು ಬೇಡ. ಹಳ್ಳಕ್ಕೆ ಅಡ್ಡಲಾಗಿ ಅಂದವಾದ ಚೆಕ್ ಡ್ಯಾಮ್ ಕಟ್ಟಿದ್ದರು. ಬಲದಂಡೆಯವರು ಒಪ್ಪಿದ್ದರು, ಎಡದಂಡೆಯವರನ್ನು ಕೇಳಿರಲಿಲ್ಲ. ಆ ಕಡೆಯ ರೆಕ್ಕೆಗೋಡೆ ಮೊಟಕಾಯಿತು. ಎರಡನೆಯ ಮಳೆಗೆ ನೀರು ಎಡಗಡೆಯ ಮಣ್ಣು ಕೊರೆದು ಬೇರೆ ದಾರಿ ಮಾಡಿಕೊಂಡಿತು. ಈಗ ಆ ಕಟ್ಟೆ ನಡುಹಳ್ಳದಲ್ಲಿ ಒಣಗಿ ನಿಂತಿದೆ, ಹಳ್ಳ ಅದರ ಪಕ್ಕದಲ್ಲಿ ಹರಿಯುತ್ತದೆ. ಕುರಿ ಕಾಯುವ ಹುಡುಗರು ಅದರ ಮೇಲೆ ಕೂತು ಬುತ್ತಿ ಉಣ್ಣುತ್ತಾರೆ. ಸಿಮೆಂಟಿಗೆ ಕೊರತೆಯಿರಲಿಲ್ಲ, ಕೊರತೆಯಿದ್ದದ್ದು ಒಂದು ಮಾತಿಗೆ.

ಆ ಮಾತನ್ನು ಆಡುವವರು ಯಾರು? ಮೈಸೂರು ಸಂಸ್ಥಾನದಲ್ಲಿ 1911ರಲ್ಲೇ ಕೆರೆ ಪಂಚಾಯಿತಿಗೆಂದು ಕಾಯಿದೆ ಬಂದಿತ್ತು. ಆಮೇಲೆ ಜಲಾನಯನ ಇಲಾಖೆ, ಜಲಾನಯನ ಸಮಿತಿ, ಬಳಕೆದಾರರ ಗುಂಪು ಎಲ್ಲ ಬಂದವು. ಸುಜಲಾ-3 ಯೋಜನೆಯಲ್ಲಿ ನಮ್ಮ ಚಾಮರಾಜನಗರವೂ ಇತ್ತು. ಯಾವ ಸರ್ವೆ ನಂಬರಿನಲ್ಲಿ ಎಂಥ ಮಣ್ಣು, ಎಷ್ಟು ಆಳ, ಎಷ್ಟು ಇಳಿಜಾರು ಎಂಬ ನಕ್ಷೆಗಳು ತಯಾರಾದವು. ಒಳ್ಳೆಯ ಕೆಲಸ. ಆದರೆ ಯೋಜನೆ ಮುಗಿದ ದಿನ ಸಮಿತಿಯೂ ಮುಗಿಯುವುದನ್ನು ನಾವೆಲ್ಲ ನೋಡಿದ್ದೇವೆ. ಟಿಬೆಟಿನ ನಿರಾಶ್ರಿತರ ಪುನರ್ವಸತಿಗೆಂದು 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆಯ ಅನುಭವ ಇಲ್ಲಿ ಪಾಠವಾಗಬಲ್ಲದು. 1980ರ ದಶಕದಲ್ಲಿ ಅವರು ಬೆಳೆಸಿದ ದೊಡ್ಡ ಸಹಕಾರ ಸಂಘಗಳು ಮುರಿದುಬಿದ್ದವು. ಮುರಿದ ಸಂಘಗಳ ಒಳಗಿಂದ, ಒಬ್ಬರನ್ನೊಬ್ಬರು ನಂಬುವ ಹದಿನೈದು ಇಪ್ಪತ್ತು ಜನ ತಾವೇ ಒಟ್ಟಾಗಿ ಬಂದರು. ಇವತ್ತಿನ ಸ್ವಸಹಾಯ ಗುಂಪುಗಳಿಗೆ ಅದೂ ಒಂದು ಬೇರು. ಇಡೀ ಹೊಳೆಗೆ ಒಂದು ಸಮಿತಿ ಮಾಡಿದರೆ ಅದು ಭಾಷಣಕ್ಕೆ ಸರಿ. ಒಂದು ಹಳ್ಳದ ಒಂದು ತಿರುವಿಗೆ ನೀರು ಕಳಿಸುವ ಹದಿನೈದು ಹೊಲದವರು ಸೇರಿದರೆ ಅದು ಕೆಲಸಕ್ಕೆ ಸರಿ.

ಆ ಹದಿನೈದು ಮಂದಿ ಏನು ಮಾತಾಡಿಕೊಳ್ಳಬೇಕು? ನನ್ನ ಮಟ್ಟಿಗೆ ನಾಲ್ಕು ಸಂಗತಿ. ಮೊದಲನೆಯದು, ಪ್ರತಿ ಹೊಲದ ಹೆಚ್ಚುವರಿ ನೀರು ಎಲ್ಲಿಂದ ಹೊರಬೀಳಬೇಕು ಎಂಬುದು. ಕೆರೆಗೆ ಕೋಡಿ ಇರುವ ಹಾಗೆ ಹೊಲಕ್ಕೂ ಕಲ್ಲು ಹಾಸಿದ ಒಂದು ಗಂಡಿ ಬೇಕು. ಅದು ಕೆಳಗಿನವನ ಒಪ್ಪಿಗೆಯ ಜಾಗದಲ್ಲಿರಬೇಕು. ಎರಡನೆಯದು ದನದ ದಾರಿ. ನೂರು ಕಡೆ ದನ ಹಳ್ಳಕ್ಕಿಳಿದರೆ ನೂರು ಕೊರಕಲು. ಒಂದು ಕಡೆ ಕಲ್ಲು ಹಾಸಿ ಇಳಿಸಿದರೆ ತೊಂಬತ್ತೊಂಬತ್ತು ಕಡೆ ದಡ ಉಳಿಯುತ್ತದೆ. ಮೂರನೆಯದು ಖರಾಬು. ಹಳ್ಳದ ಅಂಚನ್ನು ಹಳ್ಳಕ್ಕೆ ಬಿಟ್ಟು ಹೊಂಗೆ, ಬಿದಿರು, ಲಕ್ಕಿ ಹಾಕಿ, ಹೊಂಗೆಬೀಜವನ್ನೂ ಹುಲ್ಲನ್ನೂ ಕೊಯ್ಯುವ ಹಕ್ಕನ್ನು ಭೂಮಿ ಇಲ್ಲದವರಿಗೆ ಕೊಡಬೇಕು. ಕಟ್ಟುಕೊಡಗೆಯ ಹಳೆಯ ಜಾಣತನ ಇದೇ: ಕಾಯುವವನಿಗೆ ಕಾಯುವುದರಲ್ಲೇ ಪಾಲು. ನಾಲ್ಕನೆಯದು ಕಷ್ಟದ್ದು, ಮರಳು ಮತ್ತು ಬೋರ್‌ವೆಲ್. ನಮ್ಮ ತಿರುವಿನಿಂದ ಮರಳಿನ ಗಾಡಿ ಹೋಗಕೂಡದು, ಹಳ್ಳದ ಮಗ್ಗುಲಲ್ಲಿ ಇನ್ನೊಂದು ಬೋರು ಇಳಿಯಕೂಡದು ಎಂದು ಹೇಳಲು ಧೈರ್ಯ ಬೇಕು. ಹದಿನೈದು ಮನೆಯ ಧೈರ್ಯ ಒಂದು ಮನೆಯ ಧೈರ್ಯಕ್ಕಿಂತ ದೊಡ್ಡದು.

ಲಾವಂಚದ ವಿಷಯವಂತೂ ಸಸಾರ. ಹಳೆಯ ಬುಡವನ್ನು ಸಿಗಿದು, ಎರಡು ಮೂರು ಮೊಳಕೆಯ ತುಂಡುಗಳಾಗಿ ಮಾಡಿ, ಗರಿಯನ್ನು ಗೇಣುದ್ದಕ್ಕೆ ಕತ್ತರಿಸಿ, ಮುಂಗಾರು ಹಿಡಿದ ಮೇಲೆ ಗೇಣಿಗಿಂತ ಹತ್ತಿರದಲ್ಲಿ ಒಂದೇ ಸಾಲು ನೆಡಬೇಕು. ಸಾಲು ಬಿಗಿಯಾಗಲು ಎರಡು ಮೂರು ಮಳೆಗಾಲ ಬೇಕು. ಮೊದಲ ವರ್ಷ ಸತ್ತ ಬುಡಗಳ ಜಾಗಕ್ಕೆ ಮರುನಾಟಿ ಮಾಡದಿದ್ದರೆ ಆ ಸಂದಿಯಲ್ಲೇ ನೀರು ನುಗ್ಗುತ್ತದೆ. ಸಸಿ ಬೆಳೆಸುವುದನ್ನು ನಮ್ಮ ಹೆಣ್ಣುಮಕ್ಕಳ ಗುಂಪುಗಳು ಹಿತ್ತಿಲಲ್ಲೇ ಮಾಡಬಲ್ಲವು.

ಮುಗಿಸುವ ಮುನ್ನ ನಮ್ಮ ತಂದೆಯ ಬದುವಿಗೆ ವಾಪಸು ಹೋಗುತ್ತೇನೆ. ಅಳತೆಯಾದ ಮರುವರ್ಷ ಜೂನ್ ತಿಂಗಳ ಒಂದು ಸಂಜೆ, ಮಳೆ ಬಿಟ್ಟಿತ್ತು. ಇಬ್ಬರೂ ಇನ್ನೂ ಮಾತು ಬಿಟ್ಟವರೇ. ತಂದೆ ಒಂದು ಕುಕ್ಕೆ ಲಾವಂಚದ ಬುಡ, ಒಂದು ಗುದ್ದಲಿ, ಒಂದು ಸುತ್ತು ಹುರಿ ತೆಗೆದುಕೊಂಡು ಹೊಲಕ್ಕೆ ಹೋದರು, ನಾನು ಹಿಂದೆ. ಸಾಲು ನೆಟ್ಟಗೆ ಬರಬೇಕಾದರೆ ಹುರಿ ಎಳೆದು ಕಟ್ಟಬೇಕು. ನಾನೊಂದು ತುದಿ ಹಿಡಿದುಕೊಂಡೆ. ತಂದೆ ನನ್ನ ಕೈಯಿಂದ ಅದನ್ನು ತೆಗೆದುಕೊಂಡು, “ನೀ ಹಿಡಿದ್ರೆ ಆಗಲ್ಲ ಕನ, ನಾಳೆ ಅವರು ಒಪ್ಪಲ್ಲ” ಎಂದು ಬದುವಿನ ಮೇಲೆ ಸುಮ್ಮನೆ ಕೂತುಬಿಟ್ಟರು. ಸ್ವಲ್ಪ ಹೊತ್ತಿಗೆ ಮೇಲಿನ ಹೊಲದಿಂದ ಮಾವ ಇಳಿದು ಬಂದರು. ಏನೂ ಮಾತಾಡಲಿಲ್ಲ. ಬಗ್ಗಿ ಹುರಿಯ ಇನ್ನೊಂದು ತುದಿ ಎತ್ತಿಕೊಂಡು ಬಾಂದು ಕಲ್ಲಿನ ಕಡೆ ನಡೆದರು.